ಮಾರುತಿ 800 ಹೆಡ್ ಗ್ಯಾಸ್ಕೆಟ್: ಮನೆಯಲ್ಲೇ ಎಂಜಿನ್ ಬಿಚ್ಚುವ ಕ್ರಮ ಹೇಗೆ?

ಮೂಡಿಗೆರೆ ಶೆಡ್

ಗಾಡಿ 2006ರ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮೋ ಬಗೆ). ಚಾರ್ಮಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ತಕ್ಷಣ ನಿಲ್ಲಿಸಿದೆ. ಆಮೇಲಿಂದ ಕೂಲೆಂಟ್ ಕಮ್ಮಿ ಆಗ್ತಾನೇ ಇದೆ, ಹೊರಗಡೆ ಎಲ್ಲೂ ಸೋರಿಕೆ ಕಾಣಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಸಿಲಿಂಡರ್ ಹೊಡೀತಿಲ್ಲ ಅನ್ನೋ ಹಾಗೆ ನಡುಗುತ್ತೆ, ಸ್ವಲ್ಪ ಹೊತ್ತಾದ ಮೇಲೆ ಸರಿಹೋಗುತ್ತೆ. ಸೈಲೆನ್ಸರಿನಿಂದ ಬಿಳಿ ಹೊಗೆ. ಆಯಿಲ್ ಹಾಕೋ ಮುಚ್ಚಳದ ಒಳಮೈಗೆ ಬಿಳಿ ಕೆನೆ ಅಂಟಿಕೊಂಡಿದೆ.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರೋ ತೆಳು ಪದರ) ಹೋಗಿದೆ ಅಂತ ಅನುಮಾನ. ಕಾರ್ಬ್ಯುರೇಟರ್, ಬ್ರೇಕ್, ಕ್ಲಚ್ ಕೆಲಸ ಮಾಡಿ ಅಭ್ಯಾಸ ಇದೆ, ಎಂಜಿನ್ ಮಾತ್ರ ಬಿಚ್ಚಿಲ್ಲ. ತೋಟದ ಶೆಡ್ಡಿನಲ್ಲಿ ಜಾಗ ಇದೆ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಫೀಲರ್ ಗೇಜ್ ಇವೆ. ಯಾವುದಾದ ಮೇಲೆ ಯಾವುದು ಬಿಚ್ಚಬೇಕು, ಎಲ್ಲಿ ಕೆಡುತ್ತೆ, ಎಂಜಿನ್ ಪೂರ್ತಿ ಕೆಳಗಿಳಿಸಬೇಕಾ, ಗೊತ್ತಿದ್ದವರು ಬಿಡಿಸಿ ಹೇಳಿ.

ಆಲ್ದೂರು ಸ್ಪ್ಯಾನರ್

ಹೆಡ್ ಕೆಲಸಕ್ಕೆ ಎಂಜಿನ್ ಇಳಿಸೋದು ಬೇಡ, ಗಾಡಿಯಲ್ಲೇ ಆಗುತ್ತೆ. ಆದರೆ ಸ್ಪ್ಯಾನರ್ ಹಿಡಿಯೋಕೆ ಮುಂಚೆ ರೋಗ ಗಟ್ಟಿ ಮಾಡ್ಕೊಳ್ಳಿ. ಹೆಡ್ ಎತ್ತಿದ ಮೇಲೆ ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಹುಟ್ಟೋ ಒತ್ತಡ) ಅಳೆಯೋಕೆ ಆಗಲ್ಲ, ಆಗ ಗ್ಯಾಸ್ಕೆಟ್ ಹೋಗಿತ್ತಾ, ಹೆಡ್ಡೇ ಸೀಳಿತ್ತಾ ಅಂತ ಊಹೆ ಮಾಡ್ತಾ ಕೂರಬೇಕಾಗುತ್ತೆ.

ಮುಚ್ಚಳದ ಕೆನೆ ಒಂದನ್ನೇ ನಂಬಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡೋ ಗಾಡಿಗೆ, ಏನೂ ತೊಂದರೆ ಇಲ್ಲದಿದ್ರೂ ಮುಚ್ಚಳದಲ್ಲಿ ಕೆನೆ ಕಟ್ಟುತ್ತೆ. ಎಂಜಿನ್ ಸರಿಯಾಗಿ ಬಿಸಿ ಆಗಲ್ಲ, ಒಳಗಿನ ತೇವ ಆಯಿಲ್ ಜೊತೆ ಬೆರೆತು ತಣ್ಣಗಿರೋ ಮುಚ್ಚಳಕ್ಕೆ ಕೂರುತ್ತೆ. ಡಿಪ್‌ಸ್ಟಿಕ್ ನೋಡಿ. ಅಲ್ಲೂ ಹಾಲು ಹಾಕಿದ ಕಾಫಿ ಬಣ್ಣ ಇದ್ರೆ, ಅಥವಾ ಆಯಿಲ್ ಮಟ್ಟ ತಾನಾಗೇ ಏರಿದ್ರೆ, ಆಗ ನೀರು ಇಳಿದಿದೆ ಅಂತ.

ನಿಮ್ಮ ಲಕ್ಷಣ ಓದಿದ್ರೆ ರಾತ್ರಿ ಹೊತ್ತು ಒಂದು ಸಿಲಿಂಡರಿಗೆ ಕೂಲೆಂಟ್ ಇಳೀತಿದೆ ಅನ್ಸುತ್ತೆ. ಹಾಗಾಗಿ ಇನ್ನು ಮೇಲೆ ಸುಮ್ಮನೆ ಸೆಲ್ಫ್ ಹೊಡೀಬೇಡಿ. ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ನೀರು ತುಂಬಿರುವಾಗ ಸೆಲ್ಫ್ ತಿರುಗಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಆಮೇಲೆ ಹೆಡ್ ಕೆಲಸ ಹೋಗಿ ಪೂರ್ತಿ ಎಂಜಿನ್ ಕೆಲಸ ಆಗುತ್ತೆ. ಮೊದಲು ಮೂರೂ ಪ್ಲಗ್ ಕಿತ್ತು, ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಡಿಸಿ, ಪ್ಲಗ್ ತೂತಿನ ಎದುರು ಮುಖ ಇಡದೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೀರಿ. ನೀರಿದ್ರೆ ಚಿಮ್ಮುತ್ತೆ. ಯಾವ ತೂತಿನಿಂದ ಬಂತು ಅಂತ ಬರೆದಿಟ್ಕೊಳ್ಳಿ. ಪ್ಲಗ್‌ಗಳನ್ನೂ ನಂಬರ್ ಹಾಕಿ ಸಾಲಾಗಿ ಇಡಿ. ಎರಡು ಕಂದು ಬಣ್ಣ ಇದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ರೆ ಆ ಸಿಲಿಂಡರಿನಲ್ಲಿ ಆವಿ ಓಡಾಡಿದೆ.

ಅದೇ ತೂತುಗಳಿಗೆ ಕಂಪ್ರೆಶನ್ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಬ್ಯಾಟರಿ ಫುಲ್ ಚಾರ್ಜ್ ಇಟ್ಟು ಅಳೆಯಿರಿ. ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ: ಹಾಸನ, ಮೂಡಿಗೆರೆ, ಚಿಕ್ಕಮಗಳೂರು ಎಲ್ಲ ಹೆಚ್ಚೂಕಡಿಮೆ 1,000 ಮೀಟರ್ ಎತ್ತರದಲ್ಲಿವೆ. ಗಾಳಿಯ ಒತ್ತಡವೇ ಇಲ್ಲಿ ಶೇ. 10ರಷ್ಟು ಕಮ್ಮಿ, ಹಾಗಾಗಿ ಮ್ಯಾನ್ಯುಯಲ್‌ನಲ್ಲಿ ಬರೆದ ಅಂಕಿಗಿಂತ ಗೇಜ್ ಅಷ್ಟು ಕೆಳಗೆ ತೋರಿಸೋದು ಸಹಜ. ಪಿಸ್ಟನ್ ರಿಂಗ್ ಹೋಗಿದೆ ಅಂತ ಗಾಬರಿ ಬೇಡ. ನೋಡಬೇಕಾದ್ದು ಒಂದಕ್ಕೊಂದರ ವ್ಯತ್ಯಾಸ. ಮೂರರ ನಡುವೆ 1 ಕೆ.ಜಿ./ಚ.ಸೆಂ.ಮೀ. ಮೀರಬಾರದು. ಒಂದು ಮಾತ್ರ ಕಮ್ಮಿ ಇದ್ರೆ ಆ ತೂತಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮೇಲೇರಿದ್ರೆ ರಿಂಗ್, ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಮ್ಮಿ ಇದ್ರೆ ಆ ಎರಡರ ನಡುವಿನ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿದೆ.

ರೇಡಿಯೇಟರ್ ಮುಚ್ಚಳದ ರಬ್ಬರ್ ಕೂಡ ನೋಡಿ. ಈ ಎತ್ತರದಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ. ಮುಚ್ಚಳ ಒತ್ತಡ ಹಿಡಿದಾಗ ಮಾತ್ರ ಕುದಿಬಿಂದು ನೂರರ ಮೇಲೆ ಹೋಗೋದು. ಘಾಟಿಯಲ್ಲಿ ಬಿಸಿ ಆಗೋಕೆ ಮೂಲ ಕಾರಣ ಆ ಮುಚ್ಚಳ, ಥರ್ಮೋಸ್ಟಾಟ್, ಫ್ಯಾನ್ ಸ್ವಿಚ್, ಇವುಗಳಲ್ಲಿ ಯಾವುದೋ ಒಂದಾಗಿರಬಹುದು. ಅದು ಸರಿಯಾಗದೆ ಹೊಸ ಗ್ಯಾಸ್ಕೆಟ್ ಹಾಕಿದ್ರೆ ಅದೂ ಹೋಗುತ್ತೆ.

ಕೊಟ್ಟಿಗೆಹಾರ

ಮೇಲಿನವರು ಹೇಳಿದ ಪರೀಕ್ಷೆ ಆದ ಮೇಲೆ ಬಿಚ್ಚುವ ಕ್ರಮ ಹೀಗೆ.

ಹಿಂದಿನ ಸಂಜೆಯೇ ಎರಡು ಕೆಲಸ ಮುಗಿಸಿ. ಸಿಲಿಂಡರಿನಲ್ಲಿ ನೀರಿಲ್ಲ ಅಂತ ಖಾತ್ರಿ ಆದ ಮೇಲೆ ಪೆಟ್ರೋಲ್ ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಂಪಿಎಫ್‌ಐ ಗಾಡಿಯಲ್ಲಿ ಪೈಪಿನಲ್ಲಿ ಒತ್ತಡ ಉಳಿದಿರುತ್ತೆ ಮಾರಾಯ್ರೆ, ಹಾಗೇ ಬಿಚ್ಚಿದ್ರೆ ಪೆಟ್ರೋಲ್ ಕಣ್ಣಿಗೇ ಬರುತ್ತೆ. ಎರಡನೆಯದು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೈಗೆ ಸುಡಲ್ಲ ಅನ್ನೋದು ಸಾಲದು. ಅಲ್ಯುಮಿನಿಯಂ ಹೆಡ್ ಬಿಸಿ ಇರುವಾಗ ಬೋಲ್ಟ್ ಸಡಿಲಿಸಿದ್ರೆ ಅದು ಆ ಹೊತ್ತಿನ ಆಕಾರದಲ್ಲೇ ಬಾಗಿ ನಿಲ್ಲುತ್ತೆ. ಬ್ಯಾಟರಿಯ ನೆಗೆಟಿವ್ ಮೊದಲು, ಆಮೇಲೆ ಪಾಸಿಟಿವ್. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಕಿಡಿ ಏಳುತ್ತೆ, ಪಕ್ಕದಲ್ಲೇ ಪೆಟ್ರೋಲ್ ಪೈಪ್. ಶೆಡ್ಡಿನಲ್ಲಿ ಒಲೆ, ಬೀಡಿ, ಗ್ರೈಂಡಿಂಗ್ ಯಾವುದೂ ಬೇಡ, ಬಾಗಿಲು ತೆರೆದಿರಲಿ.

ಕೂಲೆಂಟ್ ಅಗಲ ಬಾಯಿಯ ಪಾತ್ರೆಗೆ ಇಳಿಸಿ. ಹಸಿರು ಕೂಲೆಂಟ್ ಸಿಹಿ ಇರುತ್ತೆ, ನಾಯಿ ನೆಕ್ಕಿದ್ರೆ ಸಾಯುತ್ತೆ, ದನಕ್ಕೂ ವಿಷ. ಅಂಗಳಕ್ಕೆ ಚೆಲ್ಲಬೇಡಿ. ಆಯಿಲ್ ಕೂಡ ಇಳಿಸಿ, ಮೊದಲ ಅರ್ಧ ಲೋಟ ಬೇರೆ ಗಾಜಿನ ಬಾಟಲಿಗೆ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿದ್ದದ್ದು ಮೊದಲು ಬರುತ್ತೆ, ಬಾಟಲಿ ಅಲುಗದೆ ಇಟ್ರೆ ಎಷ್ಟು ಸೇರಿದೆ ಅಂತ ಕಾಣುತ್ತೆ.

ಆಮೇಲೆ ಏರ್ ಕ್ಲೀನರ್, ಆಕ್ಸಿಲರೇಟರ್ ಕೇಬಲ್, ವ್ಯಾಕ್ಯೂಮ್ ಪೈಪುಗಳು, ಸೆನ್ಸರ್ ಕನೆಕ್ಟರ್‌ಗಳು. ಪ್ರತಿ ಪೈಪಿಗೂ ಅದು ಕೂರುವ ಜಾಗಕ್ಕೂ ಒಂದೇ ನಂಬರಿನ ಟೇಪ್ ಸುತ್ತಿ. ಫೋಟೋ ತೆಗೀರಿ, ಆದರೆ ಫೋಟೋ ಒಂದರಿಂದಲೇ ಆಗಲ್ಲ, ಹಿಂದೆ ಮರೆಯಾದ ಪೈಪ್ ಅದರಲ್ಲಿ ಕಾಣಲ್ಲ. ರೇಡಿಯೇಟರ್ ಹೋಸ್ ಅಂಟಿದ್ರೆ ಎಳೆದಾಡಬೇಡಿ. ರೇಡಿಯೇಟರಿನ ಮೂತಿ ಮುರಿಯುವುದಕ್ಕಿಂತ ಹಳೇ ಹೋಸ್ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ತೆಗೆದು ಹೊಸದು ಹಾಕೋದು ಅಗ್ಗ.

ಆಲ್ಟರ್ನೇಟರ್ ಬೆಲ್ಟ್, ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್, ಈ ಕ್ರಮದಲ್ಲಿ. ಕವರ್ ತೆಗೆದ ಮೇಲೆ ಬೆಲ್ಟ್ ಮುಟ್ಟೋಕೆ ಮುಂಚೆ ಒಂದನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿ ಮೇಲಕ್ಕೆ ತನ್ನಿ: ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ, ಟೈಮಿಂಗ್ ಬೆಲ್ಟಿನ ಎರಡೂ ಚಕ್ರದ ಗುರುತು ಕೂಡಬೇಕು, ಒಂದನೇ ಸಿಲಿಂಡರಿನ ಎರಡೂ ರಾಕರ್ (ವಾಲ್ವ್ ಒತ್ತೋ ತೋಳು) ಸಡಿಲ ಇರಬೇಕು. ರಾಕರ್ ಬಿಗಿ ಇದ್ರೆ ನೀವು ಒಂದು ಸುತ್ತು ಆಚೆ ಇದ್ದೀರಿ. ಗುರುತು ಮಾಸಿದ್ರೆ ಬಿಳಿ ಪೇಂಟಿನಲ್ಲಿ ನೀವೇ ಹಾಕ್ಕೊಳ್ಳಿ. ಈಗ ಆರೂ ಟಪೆಟ್‌ನ (ರಾಕರ್ ತುದಿಯಲ್ಲಿ ವಾಲ್ವಿನ ಸಂದು ಹೊಂದಿಸೋ ಸ್ಕ್ರೂ) ಲಾಕ್ ನಟ್ ಬಿಚ್ಚಿ ಸ್ಕ್ರೂ ಪೂರ್ತಿ ಸಡಿಲಿಸಿ. ಇದನ್ನು ತುಂಬಾ ಜನ ಮಾಡಲ್ಲ, ಆದರೆ ಬಹಳ ಮುಖ್ಯ: ಎಲ್ಲ ವಾಲ್ವ್ ಮುಚ್ಚಿಕೊಳ್ಳುತ್ತೆ, ಬೆಲ್ಟ್ ಕಳಚಿದ ಮೇಲೆ ಕ್ರ್ಯಾಂಕ್ ಅಕಸ್ಮಾತ್ ತಿರುಗಿದ್ರೂ ಪಿಸ್ಟನ್ ವಾಲ್ವಿಗೆ ಬಡಿಯಲ್ಲ. ಆಮೇಲೆ ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೀರಿ. ಅದರ ಮೇಲೆ ಕೂಲೆಂಟ್, ಆಯಿಲ್ ಬಿದ್ದಿದ್ರೆ ಮತ್ತೆ ಹಾಕಬೇಡಿ, ಹೊಸದು ತನ್ನಿ.

ಎಕ್ಸಾಸ್ಟ್ ನಟ್ ಒಂದೇ ಏಟಿಗೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಬಿಗಿ ಮಾಡಿ, ಎಣ್ಣೆ ಬಿಟ್ಟು ಮತ್ತೆ ಬಿಚ್ಚಿ. ಬಾಯಿ ಸ್ಪ್ಯಾನರ್ ಬೇಡ, ಆರು ಮೂಲೆಯ ಸಾಕೆಟ್ ಬಳಸಿ. ಸ್ಟಡ್ ನಟ್ಟಿನ ಸಮೇತ ಹೊರಗೆ ಬಂದ್ರೆ ಬರಲಿ ಬಿಡಿ, ಮುರಿಯದಿದ್ರೆ ಸಾಕು. ಮುರಿದ್ರೆ ಶೆಡ್ಡಿನಲ್ಲಿ ಡ್ರಿಲ್ ಹಾಕೋಕೆ ಹೋಗಬೇಡಿ. ಅಲ್ಯುಮಿನಿಯಂ ಮೆದು, ಬಿಟ್ ಪಕ್ಕಕ್ಕೆ ಜಾರಿ ತೂತು ಓರೆಯಾಗುತ್ತೆ. ಅದು ಲೇತಿನವರ ಕೆಲಸ.

ಕೊನೆಗೆ ಹೆಡ್ ಬೋಲ್ಟ್. ಹೊರ ಮೂಲೆಯವು ಮೊದಲು, ಎದುರುಬದುರಾಗಿ, ನಡುವಿನವು ಕೊನೆಗೆ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಅರ್ಧ ಸುತ್ತು, ಎರಡನೇ ಸಲ ಇನ್ನರ್ಧ, ಆಮೇಲೆ ಪೂರ್ತಿ. ಒಂದೇ ಬೋಲ್ಟನ್ನು ನೇರ ಬಿಚ್ಚಿದ್ರೆ ಉಳಿದವು ಹೆಡ್ಡನ್ನು ಒಂದು ಕಡೆಗೆ ಜಗ್ಗುತ್ತವೆ. ರಟ್ಟಿನ ಮೇಲೆ ಹೆಡ್ ಚಿತ್ರ ಬರೆದು ಬೋಲ್ಟ್‌ಗಳನ್ನು ಅದರದ್ದೇ ಜಾಗಕ್ಕೆ ಚುಚ್ಚಿಡಿ. ಹೆಡ್ ಏಳದಿದ್ರೆ ಮೊದಲು ಬೋಲ್ಟ್ ಎಣಿಸಿ, ಒಂದು ಉಳಿದಿರುತ್ತೆ. ಎಲ್ಲ ಬಂದಿದ್ರೆ ಪಕ್ಕದಿಂದ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ನಡುವೆ ತೂರಿಸಿ ಮೀಟಿದ್ರೆ ಗ್ಯಾಸ್ಕೆಟ್ ಕೂರುವ ಮೈಗೆ ಗೀರು ಬೀಳುತ್ತೆ, ಆ ಗೀರಿನಲ್ಲೇ ನಾಳೆ ಸೋರುತ್ತೆ.

ಹಾಸನ ಬೋರಿಂಗ್

ಹೆಡ್ ಕೈಗೆ ಬಂದ ಕೂಡಲೇ ಎಲ್ಲರೂ ಸೀಮೆಎಣ್ಣೆ ತಂದು ತೊಳೆಯುತ್ತಾರೆ. ದಯವಿಟ್ಟು ತೊಳೆಯಬೇಡಿ. ಎಂಜಿನ್ ಯಾಕೆ ಕೆಟ್ಟಿತು ಎಂಬುದು ಆ ಮಸಿಯಲ್ಲಿ, ಕಲೆಯಲ್ಲಿ, ತುಕ್ಕಿನಲ್ಲಿ ಬರೆದಿರುತ್ತದೆ. ಹೊಳೆಯುವಂತೆ ತೊಳೆದು ತಂದ ಹೆಡ್ ನೋಡಿ ನಾವು ಹೇಳಬಹುದಾದದ್ದು ಬಹಳ ಕಡಿಮೆ.

ಹಳೆಯ ಗ್ಯಾಸ್ಕೆಟ್ ಹರಿಯದಂತೆ ಎತ್ತಿ, ಯಾವ ಮಗ್ಗುಲು ಮೇಲಿತ್ತು ಎಂದು ಬರೆದು ಇಟ್ಟುಕೊಳ್ಳಿ. ಎರಡು ಬೋರ್ (ಸಿಲಿಂಡರಿನ ತೂತು) ನಡುವೆ ಕಪ್ಪು ಗೆರೆ ಹಾದಿದ್ದರೆ ಅಲ್ಲಿ ಬೆಂಕಿ ದಾಟಿದೆ. ನೀರಿನ ಕಂಡಿಯಿಂದ ಬೋರಿನ ಕಡೆಗೆ ಕಂದು ಕಲೆ ಇದ್ದರೆ ಕೂಲೆಂಟ್ ಇಳಿದ ದಾರಿ ಅದು. ಮೂರು ಪಿಸ್ಟನ್ ತಲೆ ಹೋಲಿಸಿ: ಎರಡರ ಮೇಲೆ ಮಸಿ ಇದ್ದು ಒಂದರ ಮೇಲೆ ಲೋಹ ಹೊಳೆಯುತ್ತಿದ್ದರೆ ಆವಿ ಅದನ್ನು ತೊಳೆದಿದೆ. ಗ್ಯಾಸ್ಕೆಟ್‌ನಲ್ಲಿ ಯಾವ ಗುರುತೂ ಇಲ್ಲದೆ ಪಿಸ್ಟನ್ ಮಾತ್ರ ಹೊಳೆಯುತ್ತಿದ್ದರೆ ಹೆಡ್ ಸೀಳಿರುವ ಸಂಭವವೇ ಹೆಚ್ಚು. ಬಿಸಿಯಾದ ಹೆಡ್‌ನಲ್ಲಿ ಸೀಳು ಸಾಮಾನ್ಯವಾಗಿ ಎರಡು ವಾಲ್ವ್ ಸೀಟುಗಳ ನಡುವೆ, ಇಲ್ಲವೇ ಸೀಟಿನಿಂದ ಪ್ಲಗ್ ತೂತಿನ ಕಡೆಗೆ ಇರುತ್ತದೆ. ಬರಿಗಣ್ಣಿಗೆ ಎಲ್ಲವೂ ಕಾಣುವುದಿಲ್ಲ, ಒತ್ತಡದ ಪರೀಕ್ಷೆಯೇ ಆಗಬೇಕು.

ನೋಡಿ ಮುಗಿದ ಮೇಲೆ ಮಾತ್ರ ಕೆರೆಯಿರಿ. ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಸಾಕು, ತಾಳ್ಮೆ ಬೇಕು. ಡ್ರಿಲ್ ಮೆಷಿನ್ನಿಗೆ ಎಮೆರಿ ಚಕ್ರ ಹಾಕಿ ಉಜ್ಜುವ ಅಭ್ಯಾಸ ಬಹಳ ಕೆಟ್ಟದ್ದು. ಎರಡು ಹಾನಿ ಅದರಿಂದ. ಮೆದುವಾದ ಅಲ್ಯುಮಿನಿಯಂ ಅಲ್ಲಲ್ಲಿ ತಗ್ಗಾಗುತ್ತದೆ. ಚಕ್ರದಿಂದ ಉದುರಿದ ಪುಡಿ ಆಯಿಲ್ ದಾರಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಎಂಜಿನ್ ಜೋಡಿಸಿ ಕೆಲವೇ ವಾರದಲ್ಲಿ ಬೇರಿಂಗ್ ಸದ್ದು ಬಂದರೆ ಗ್ಯಾಸ್ಕೆಟ್ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಜನ ಕೇಳುತ್ತಾರೆ. ಸಂಬಂಧ ಇದೇ.

ಸಮತಟ್ಟು ನೋಡಲು ಲೇತಿನಲ್ಲಿ ಬಳಸುವ ನೇರ ಅಂಚು ಬೇಕು, ಶಾಲೆಯ ಸ್ಟೀಲ್ ಸ್ಕೇಲ್ ಆಗದು. ನಾಲ್ಕು ಅಂಚು, ಎರಡು ಕರ್ಣ, ಹೀಗೆ ಆರು ಕಡೆ ಇಟ್ಟು ಕೆಳಗೆ 0.05 ಮಿ.ಮೀ. ಫೀಲರ್ ತೂರಿಸಿ. ತೂರಿದರೆ ಫೇಸಿಂಗ್ (ಆ ಮೈಯನ್ನು ಮೆಷಿನ್ನಿನಲ್ಲಿ ಸಮ ಮಾಡಿಸುವುದು) ಬೇಕು. ಬ್ಲಾಕಿನ ಮೈಯನ್ನೂ ಹಾಗೆಯೇ ನೋಡಿ.

ಫೇಸಿಂಗ್ ಮಾಡಿಸುವವರು ಮರೆಯುವ ಒಂದು ಮಾತು. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಹೆಡ್ ಒಳಗೇ ತಿರುಗುತ್ತದೆ. ಹೆಡ್ ಕೆಳಗೆ ಬಾಗಿದೆ ಎಂದರೆ ಮೇಲೆ ಕ್ಯಾಮ್ ಕೂರುವ ಸಾಲೂ ಬಾಗಿದೆ. ಕೆಳಮೈ ತಟ್ಟೆಯಷ್ಟು ಸಮ ಮಾಡಿದರೂ ಮೇಲಿನ ಸಾಲು ಸೊಟ್ಟವಾಗಿಯೇ ಉಳಿಯುತ್ತದೆ. ರಾಕರ್ ಒತ್ತಡವಿಲ್ಲದೆ ಕ್ಯಾಮ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಒಂದು ಕಡೆ ಹಿಡಿದರೆ ಆ ಹೆಡ್‌ಗೆ ಮತ್ತೆ ದುಡ್ಡು ಹಾಕಬೇಡಿ.

ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ಕೂಲೆಂಟ್, ಆಯಿಲ್ ನಿಂತಿರುತ್ತದೆ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದು ಬೋಲ್ಟ್ ಬಿಗಿದರೆ ದ್ರವಕ್ಕೆ ಹೋಗಲು ಜಾಗವಿಲ್ಲ, ಎರಕದ ಬ್ಲಾಕ್ ಸೀಳುತ್ತದೆ. ಸೀಳದಿದ್ದರೂ ಟಾರ್ಕ್ ರೆಂಚ್ ಸುಳ್ಳು ಅಂಕಿ ತೋರಿಸುತ್ತದೆ. ಕನ್ನಡಕ ಹಾಕಿಕೊಂಡು, ತೂತಿನ ಸುತ್ತ ಬಟ್ಟೆ ಹಿಡಿದು ಗಾಳಿ ಹೊಡೆದು ಒಣಗಿಸಿ.

ಮೂಡಿಗೆರೆ ಶೆಡ್

ಎಲ್ಲರಿಗೂ ಧನ್ಯವಾದ. ಎರಡನೇ ಸಿಲಿಂಡರಿನಿಂದ ನೀರು ಬಂತು, 2 ಮತ್ತು 3ರ ಕಂಪ್ರೆಶನ್ ಎರಡೂ ಕಮ್ಮಿ, ಆಯಿಲ್ ಹಾಕಿದ್ರೂ ಏರಲಿಲ್ಲ. ಡಿಪ್‌ಸ್ಟಿಕ್‌ನಲ್ಲೂ ಬಣ್ಣ ಬದಲಾಗಿದೆ. ಹಾಗಾದರೆ ಕೆಳಗಿನ ಚೇಂಬರ್ (ಆಯಿಲ್ ನಿಲ್ಲೋ ತೊಟ್ಟಿ) ಕೂಡ ಇಳಿಸಬೇಕಾ? ಇಳಿಸುವುದಾದರೆ ಗಾಡಿ ಎತ್ತೋಕೆ ಸಿಮೆಂಟ್ ಬ್ಲಾಕ್ ಇವೆ. ಅಕಸ್ಮಾತ್ ಎಂಜಿನ್ ಎತ್ತಬೇಕಾದ್ರೆ ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಬಹುದು.

ಕೊಟ್ಟಿಗೆಹಾರ

ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ಒಳಗೆ ಪೊಳ್ಳಿರುವ ಬ್ಲಾಕ್ ಸೂಚನೆಯೇ ಕೊಡದೆ ಪುಡಿಯಾಗುತ್ತೆ, ಜಂಬಿಟ್ಟಿಗೆಯೂ ಅಷ್ಟೇ. ಗಾಡಿ ಜೊತೆ ಬಂದ ಜಾಕ್ ಟೈರ್ ಬದಲಿಸೋಕೆ ಮಾತ್ರ, ಅದರ ಮೇಲೆ ನಿಂತ ಗಾಡಿ ಕೆಳಗೆ ಭುಜ ಕೂಡ ತೂರಿಸಬಾರದು. ಕಬ್ಬಿಣದ ಸ್ಟ್ಯಾಂಡ್ ಎರಡು ತನ್ನಿ, ಬಾಡಿಯ ಗಟ್ಟಿ ಜಾಗಕ್ಕೆ ಕೊಡಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಇಡಿ. ಶೆಡ್ಡಿನ ನೆಲ ಮಣ್ಣಾದ್ರೆ ಸ್ಟ್ಯಾಂಡಿನ ಅಡಿಗೆ ದಪ್ಪ ಪ್ಲೈವುಡ್ ಹಲಗೆ, ಮಳೆಗಾಲದಲ್ಲಿ ಕಾಲು ಹೂತು ವಾಲುತ್ತೆ. ಕೆಳಗೆ ಹೋಗೋಕೆ ಮುಂಚೆ ಪಕ್ಕದಿಂದ ಗಾಡಿ ಜೋರಾಗಿ ಅಲ್ಲಾಡಿಸಿ ನೋಡಿ. ಕಳಚಿದ ಚಕ್ರವನ್ನು ಬಾಡಿ ಅಡಿಗೆ ಮಲಗಿಸಿಡಿ.

ತೊಲೆ ಸಿಲ್ವರ್ ಓಕ್ ಆಗಿದ್ರೆ ಅದಕ್ಕೆ ಎಂಜಿನ್ ತೂಗು ಹಾಕಬೇಡಿ. ತಗಡಿನ ಭಾರಕ್ಕೆ ಹಾಕಿದ ತೊಲೆ ಅದು, ಹುಳ ಹಿಡಿದಿದ್ರೆ ಹೊರಗೆ ಕಾಣೋದೂ ಇಲ್ಲ. ಮೂರು ಕಾಲಿನ ಕಬ್ಬಿಣದ ಪೈಪ್ ನಿಲ್ಲಿಸಿ ಒಂದು ಟನ್ ಚೈನ್ ಪುಲ್ಲಿ ಹಾಕಿ. ಸರಪಳಿ ಎಂಜಿನ್‌ನ ಕೊಂಡಿಗಳಿಗೇ ಕಟ್ಟಿ, ಇಂಟೇಕ್ ಮ್ಯಾನಿಫೋಲ್ಡಿಗೆ ಅಲ್ಲ. ತೂಗುವ ಎಂಜಿನ್ ಕೆಳಗೆ ಕೈ ಕಾಲು ಇಡಬೇಡಿ, ವಾಲಿದ್ರೆ ಹಿಡಿಯೋಕೂ ಹೋಗಬೇಡಿ.

ಆಲ್ದೂರು ಸ್ಪ್ಯಾನರ್

ಆಯಿಲ್ ಬಣ್ಣ ಬದಲಾಗಿದ್ರೆ ಚೇಂಬರ್ ಇಳಿಸಿ ನೋಡೋದೇ ಸರಿ. ನೀರು ಬೆರೆತ ಆಯಿಲ್ ಬೇರಿಂಗ್ ಮೇಲೆ ಪದರ ಕಟ್ಟಲ್ಲ. ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಕ್ಯಾಪ್ ಮೊದಲು ತೆಗೀರಿ. ಬೇರಿಂಗ್ ಮೈ ಬೂದು ಬಣ್ಣದಲ್ಲಿ ಒಂದೇ ಸಮ ಇದ್ರೆ ಅಲ್ಲಿಗೆ ನಿಲ್ಲಿಸಿ. ತಾಮ್ರದ ಬಣ್ಣ ಕಂಡ್ರೆ, ಉದ್ದಕ್ಕೆ ಗೀರಿದ್ರೆ, ಉಳಿದವನ್ನೂ ತೆಗೀಬೇಕು, ಕ್ರ್ಯಾಂಕ್ ಅಳೆಸಬೇಕು.

ಕ್ಯಾಪ್ ಬಿಚ್ಚೋಕೆ ಮುಂಚೆ ರಾಡ್ ಮತ್ತು ಕ್ಯಾಪ್ ಎರಡರ ಮೇಲೂ ಒಂದೇ ಪಕ್ಕಕ್ಕೆ ಸಿಲಿಂಡರ್ ನಂಬರ್ ಪೇಂಟ್‌ನಲ್ಲಿ ಬರೀರಿ. ರಾಡ್ ಮತ್ತು ಕ್ಯಾಪ್ ಜೋಡಿಸಿಯೇ ಬೋರ್ ಕೊರೆದಿರ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ, ಅಥವಾ ಅದನ್ನೇ ಹಿಂದುಮುಂದು ಹಾಕಿದ್ರೆ ದುಂಡಗೆ ಇರಲ್ಲ, ಬೇರಿಂಗ್ ಹಿಡಿಯುತ್ತೆ. ರಾಡ್ ಬೋಲ್ಟಿನ ಹಲ್ಲು ಕ್ರ್ಯಾಂಕಿಗೆ ತಾಗಿ ಗೀರದಂತೆ ಹಳೇ ಪೆಟ್ರೋಲ್ ಪೈಪಿನ ತುಂಡು ತೊಡಿಸಿ.

ಪಿಸ್ಟನ್ ಹೊರಗೆ ತಳ್ಳಬೇಕಾದ್ರೆ ಬೋರಿನ ಬಾಯಿ ಬೆರಳಲ್ಲಿ ಸವರಿ. ಉಗುರು ಸಿಕ್ಕಿಕೊಂಡ್ರೆ ಅಂಚು ಎದ್ದಿದೆ. ಬರೀ ಮಸಿ ಆದ್ರೆ ಕೆರೆದು ತೆಗೀರಿ, ಲೋಹದ ಅಂಚಾದ್ರೆ ರೀಮರ್ ಬೇಕು. ಹಾಗೇ ತಳ್ಳಿದ್ರೆ ರಿಂಗ್ ಆ ಅಂಚಿಗೆ ಬಡಿದು ಪಿಸ್ಟನ್ನಿನ ಗೋಡೆ ಒಡೆಯುತ್ತೆ. ಬೋರ್ ಅಳತೆ ಹೊಸದರಲ್ಲಿ 68.5 ಮಿ.ಮೀ.; ಸವೆತ ಎಷ್ಟು ಅಂತ ಬೋರ್ ಗೇಜಿನವರ ಹತ್ರ ಮೇಲೆ, ನಡುವೆ, ಕೆಳಗೆ ಅಳೆಸಿ. ಆಮೇಲೇ ರಿಂಗ್ ಸಾಕಾ, ರಿಬೋರ್ (ಬೋರನ್ನು ಮತ್ತೆ ಕೊರೆಸೋದು) ಬೇಕಾ ಅಂತ ತೀರ್ಮಾನ ಮಾಡಿ.

ಬೋರ್ ತೆರೆದಿಟ್ಟು ಹೆಡ್ ಹಾಸನಕ್ಕೆ ಕಳಿಸ್ತೀರಿ ಅಂದ್ರೆ ಮಳೆಗಾಲ ಮರೀಬೇಡಿ. ಒಂದೇ ರಾತ್ರಿಗೆ ಎರಕದ ಮೈ ಕೆಂಪಾಗುತ್ತೆ. ಮೂರೂ ಬೋರಿಗೆ ಎಂಜಿನ್ ಆಯಿಲ್ ಸವರಿ, ಬಟ್ಟೆ ಮುಚ್ಚಿ ಮೇಲೆ ಹಲಗೆ ಇಡಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರುತ್ತೆ.

ಮೂಡಿಗೆರೆ ಶೆಡ್

ಆಯ್ತು, ಸ್ಟ್ಯಾಂಡ್ ತಂದ ಮೇಲೇ ಕೆಳಗಿನ ಕೆಲಸ. ಹಾಸನ ಬೋರಿಂಗ್ ಅವರೇ, ಹೆಡ್ ತರುವಾಗ ಕ್ಯಾಮ್, ವಾಲ್ವ್ ಎಲ್ಲ ಬಿಚ್ಚಿ ತರಬೇಕಾ?

ಹಾಸನ ಬೋರಿಂಗ್

ಬೇಡ, ಹಾಗೆಯೇ ತನ್ನಿ. ಕ್ಯಾಮ್ ತಿರುಗುತ್ತದೆಯೇ ಎಂದು ಬಿಚ್ಚುವ ಮೊದಲೇ ನೋಡಬೇಕು. ವಾಲ್ವ್ ಸ್ಪ್ರಿಂಗ್ ಒತ್ತುವ ಸಾಧನ ಇಲ್ಲದೆ ಬಿಚ್ಚಿದರೆ ಲಾಕ್ ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ, ಸಿಕ್ಕದೆ ಕಳೆದೂ ಹೋಗುತ್ತದೆ. ಆರು ವಾಲ್ವ್‌ಗಳೂ ಅವುಗಳದೇ ಗೈಡಿಗೆ ಸವೆದಿರುತ್ತವೆ, ಕಲಸಿಹೋದರೆ ಸೀಟ್ ಕೆಲಸವೆಲ್ಲ ಹೊಸದಾಗಿ ಆಗಬೇಕು. ಗ್ಯಾಸ್ಕೆಟ್ ಕೂರುವ ಮೈ ನೆಲಕ್ಕೆ ತಾಗದಂತೆ ಎರಡು ತುದಿಗೆ ಮರದ ತುಂಡು ಕೊಟ್ಟು, ಕಂಬಳಿ ಸುತ್ತಿ ಕಾರಿನ ಸೀಟಿನ ಕೆಳಗಿಡಿ. ಹಳೆಯ ಗ್ಯಾಸ್ಕೆಟ್, ಮೂರು ಪ್ಲಗ್, ಆಯಿಲ್ ಹಿಡಿದ ಬಾಟಲಿ, ಇವನ್ನೂ ಜೊತೆಗೆ ತನ್ನಿ.